ಮುಂದೆ ಹೋದವರ ಕಣ್ಣು: ಚಾಲಕರಿಗೆ ಎಚ್ಚರಿಕೆ ಕೊಡುವ ಸಾಧನದ ಒಳಗುಟ್ಟು

ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ ಪುಟ್ಟ ಬಿಲ್ಲೆಯೊಂದು ಸದ್ದು ಮಾಡಿ ಕೆಂಪು ದೀಪ ಮಿನುಗಿಸಿದಾಗ, ಅದು ಮುಂದಿರುವ ಸ್ಪೀಡ್ ಕ್ಯಾಮೆರಾವನ್ನು ಪತ್ತೆ ಹಚ್ಚಿತು ಎಂದೇ ಬಹಳ ಜನ ತಿಳಿದಿದ್ದಾರೆ. ಅದು ಏನನ್ನೂ ಪತ್ತೆ ಹಚ್ಚಿಲ್ಲ. ಕ್ಯಾಮೆರಾವನ್ನು ಕಂಡದ್ದು ಹತ್ತು ನಿಮಿಷವೋ ಒಂದು ಗಂಟೆಯೋ ಮೊದಲು ಅದೇ ದಾರಿಯಲ್ಲಿ ಹೋದ ಇನ್ನೊಬ್ಬ ಚಾಲಕ. ಅವನು ಬಟನ್ ಒತ್ತಿದ, ಆ ಸುದ್ದಿ ನಿಮಗೆ ಮುಟ್ಟಿತು. ಹಾಗಾಗಿ ಈ ಸಾಧನದ ಪ್ರತಿ ಎಚ್ಚರಿಕೆಗೂ ಒಂದು ವಯಸ್ಸಿದೆ. ಆ ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸಾಧನದ ಶಕ್ತಿ, ಮಿತಿ ಎರಡೂ ಅರ್ಥವಾಗುತ್ತವೆ.

ರೇಡಾರ್ ಡಿಟೆಕ್ಟರ್ ಬೇರೆ, ಇದು ಬೇರೆ. ಡಿಟೆಕ್ಟರ್, ವೇಗ ಅಳೆಯುವ ಪೊಲೀಸ್ ರೇಡಾರ್ ಬಿಡುವ ರೇಡಿಯೊ ಅಲೆಗಳಿಗೆ ಕಿವಿಗೊಡುತ್ತದೆ: ಎಕ್ಸ್ ಬ್ಯಾಂಡಿನ 10.525 ಗಿಗಾಹರ್ಟ್ಸ್, ಕೆ ಬ್ಯಾಂಡಿನ 24 ಗಿಗಾಹರ್ಟ್ಸ್ ಆಸುಪಾಸು, ಕೆಎ ಬ್ಯಾಂಡಿನ 33.4ರಿಂದ 36 ಗಿಗಾಹರ್ಟ್ಸ್. ಕಾರಿನ ಹಿಂಬದಿಯ ಮರೆಯಲ್ಲಿ ಬರುವ ವಾಹನವನ್ನು ಗುರುತಿಸುವ ಸೆನ್ಸರುಗಳಲ್ಲಿ ಹಲವು ಇದೇ 24 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವುದರಿಂದ, ಪಕ್ಕದ ಕಾರೇ ಡಿಟೆಕ್ಟರಿಗೆ ಪೊಲೀಸ್ ರೇಡಾರಿನಂತೆ ತೋರುತ್ತದೆ. ಜನರ ವರದಿಯಿಂದ ನಡೆಯುವ ಸಾಧನಕ್ಕೆ ಈ ಗೊಂದಲವಿಲ್ಲ, ಏಕೆಂದರೆ ಅಲೆ ಹಿಡಿಯುವ ಅಂಗವೇ ಅದಕ್ಕಿಲ್ಲ. ಅದೇ ಕಾರಣಕ್ಕೆ, ಈಗಷ್ಟೇ ಮರದ ಮರೆಯಲ್ಲಿ ನಿಲ್ಲಿಸಿದ, ವೇಗ ಅಳೆಯುವ ಲೇಸರ್ ಗನ್ನಿನ ಸುಳಿವೂ ಅದಕ್ಕೆ ಸಿಗುವುದಿಲ್ಲ. ಯಾರಾದರೂ ಮೊದಲು ಕಾಣಬೇಕು. ಆದರೆ ರಸ್ತೆಯಡಿ ಹೂತ ತಂತಿಯ ಸುರುಳಿಯಿಂದ ವೇಗ ಅಳೆಯುವ ಕ್ಯಾಮೆರಾ ಯಾವ ಅಲೆಯನ್ನೂ ಗಾಳಿಗೆ ಬಿಡುವುದಿಲ್ಲ. ಅಲ್ಲಿ ಡಿಟೆಕ್ಟರ್ ಮೂಕವಾದರೆ ಈ ಸಾಧನ ಮಾತಾಡುತ್ತದೆ.

ಇವುಗಳಲ್ಲಿ ಮೂರು ಬಗೆ. ಮೊದಲನೆಯದು ಬಟನ್ ಬಿಲ್ಲೆ. ಡೆನ್ಮಾರ್ಕಿನ ಊನೊ, ಸೇಫ್ ಎಂಬ ಎರಡು ಹೆಸರು ಯುರೋಪಿನಲ್ಲಿ ಚೆನ್ನಾಗಿ ಪರಿಚಿತ. ಇಂಥ ಬಿಲ್ಲೆಯನ್ನು ಬಿಚ್ಚಿದರೆ ಕಾಣುವುದು ಬ್ಲೂಟೂತ್ ಚಿಪ್, ಸಣ್ಣ ಬಝರ್, ಒಂದೆರಡು ಎಲ್‌ಇಡಿ, ಬಟನ್, ನಾಣ್ಯದಾಕಾರದ ಬ್ಯಾಟರಿ ಅಥವಾ ಚಾರ್ಜ್ ಮಾಡುವ ಬ್ಯಾಟರಿ. ಬಹುಪಾಲು ಬಿಲ್ಲೆಗಳಲ್ಲಿ ಜಿಪಿಎಸ್ ಇಲ್ಲ, ಸಿಮ್ ಇಲ್ಲ. ಜಾಗ ಗುರುತಿಸುವುದು, ಸರ್ವರಿನೊಡನೆ ಮಾತಾಡುವುದು ಎಲ್ಲ ನಿಮ್ಮ ಫೋನಿನ ಕೆಲಸ. ಎರಡನೆಯದು ತನ್ನದೇ ಜಿಪಿಎಸ್, ಸಿಮ್, ಪರದೆ ಇರುವ ಸ್ವತಂತ್ರ ಪೆಟ್ಟಿಗೆ. ಫ್ರಾನ್ಸಿನ ಕೊಯೋಟ್ ಈ ಜಾತಿಯದು. ಮೂರನೆಯದು ಬರೀ ಆ್ಯಪ್. ಇಸ್ರೇಲಿನಲ್ಲಿ ಹುಟ್ಟಿ 2013ರಲ್ಲಿ ಗೂಗಲ್ ಪಾಲಾದ ವೇಜ್ ಇದಕ್ಕೆ ಉದಾಹರಣೆ. ಆ್ಯಪ್ ಇದ್ದ ಮೇಲೆ ಬಿಲ್ಲೆ ಯಾಕೆ ಎಂದು ಕೇಳಬಹುದು. ನೋಡದೆ ಒತ್ತಬಹುದಾದ ಬಟನ್ ಕೈಗೆಟುಕುವಲ್ಲಿ ಇದ್ದರೆ ಜನ ವರದಿ ಮಾಡುತ್ತಾರೆ. ಪರದೆಯಲ್ಲಿ ಮೂರು ಕಡೆ ಮುಟ್ಟಬೇಕಾದರೆ ಮಾಡುವುದಿಲ್ಲ. ವರದಿಯ ಮೇಲೇ ನಿಂತ ವ್ಯವಸ್ಥೆಗೆ ಇದು ಸಣ್ಣ ವಿಷಯವಲ್ಲ.

ಈಗ ಒಂದು ವರದಿಯ ಜೊತೆ ಪ್ರಯಾಣ ಮಾಡೋಣ. ನೀವು ಬಟನ್ ಒತ್ತಿದಾಗ ಫೋನ್ ಆ ಕ್ಷಣದ ಅಕ್ಷಾಂಶ, ರೇಖಾಂಶ, ಸಾಗುತ್ತಿರುವ ದಿಕ್ಕು, ವೇಗ, ಸಮಯ ಇಷ್ಟನ್ನು ಕಟ್ಟಿ ಸರ್ವರಿಗೆ ಕಳಿಸುತ್ತದೆ. ಮೊದಲ ತಪ್ಪು ನುಸುಳುವುದು ಇಲ್ಲೇ. ಕ್ಯಾಮೆರಾ ಕಣ್ಣಿಗೆ ಬಿದ್ದು, ಅದು ಕ್ಯಾಮೆರಾ ಎಂದು ಖಾತ್ರಿಯಾಗಿ, ಬೆರಳು ಬಟನ್ ಮುಟ್ಟುವ ಹೊತ್ತಿಗೆ ಐದು ಸೆಕೆಂಡು ಕಳೆದಿರಬಹುದು. ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರ್. ಐದು ಸೆಕೆಂಡಿಗೆ 125 ಮೀಟರ್. ಬಯಲಿನಲ್ಲಿ ಫೋನಿನ ಜಿಪಿಎಸ್ ಕೆಲವೇ ಮೀಟರ್ ತಪ್ಪಬಹುದು, ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಬರುವುದರಿಂದ ಹತ್ತಾರು ಮೀಟರ್ ಆಗಬಹುದು. ಆದರೂ ಬೆರಳಿನ ತಡದ ಮುಂದೆ ಉಪಗ್ರಹದ ತಪ್ಪು ಏನೂ ಅಲ್ಲ. ಹಾಗಾಗಿ ಸರ್ವರ್ ಒಂದೇ ವರದಿಯ ಬಿಂದುವನ್ನು ಪೂರ್ತಿ ನಂಬುವಂತಿಲ್ಲ. ಹತ್ತಿರ ಹತ್ತಿರದ, ಒಂದೇ ದಿಕ್ಕಿನ ವರದಿಗಳನ್ನು ಒಂದು ಗುಂಪಾಗಿ ಹಿಡಿದು ನಿಜವಾದ ಜಾಗವನ್ನು ಅಂದಾಜಿಸಬೇಕು.

ಎರಡನೇ ತೊಡಕು ದಿಕ್ಕಿನದು. ವಿಭಜಕದ ಆಚೆ, ಎದುರು ಬದಿಗೆ ಮುಖ ಮಾಡಿದ ಕ್ಯಾಮೆರಾ ಕಂಡು ನೀವು ಒತ್ತಿದರೆ, ಫೋನ್ ಅದಕ್ಕೆ ನಿಮ್ಮ ದಿಕ್ಕನ್ನೇ ಬರೆಯುತ್ತದೆ. ನಿಮ್ಮ ಹಿಂದೆ ಬರುವವರಿಗೆಲ್ಲ ಸುಳ್ಳು ಎಚ್ಚರಿಕೆ, ನಿಜಕ್ಕೂ ಬೇಕಾದ ಆಚೆ ಬದಿಯವರಿಗೆ ಮೌನ. ಕೆಲವು ಆ್ಯಪ್‌ಗಳಲ್ಲಿ ‘ಎದುರು ಬದಿ’ ಎಂಬ ಆಯ್ಕೆ ಇದೆ. ಇಲ್ಲದಿದ್ದರೆ ಒತ್ತದಿರುವುದೇ ಸರಿ. ಇದೇ ಬಗೆಯ ಎಡವಟ್ಟು ಹೈವೇ ಮತ್ತು ಅದರ ಪಕ್ಕದ ಸರ್ವೀಸ್ ರೋಡ್ ನಡುವೆಯೂ, ಫ್ಲೈಓವರಿನ ಮೇಲೆ ಕೆಳಗೆಯೂ ಆಗುತ್ತದೆ. ಎರಡೂ ರಸ್ತೆ ಒಂದೇ ದಿಕ್ಕಿಗೆ, ಇಪ್ಪತ್ತು ಮೀಟರ್ ಅಂತರದಲ್ಲಿ ಸಾಗುವಾಗ ನೀವು ಯಾವುದರಲ್ಲಿದ್ದೀರಿ ಎಂದು ಫೋನ್ ಊಹಿಸುತ್ತದೆ ಅಷ್ಟೇ.

ಮೂರನೆಯದು ನಂಬಿಕೆ. ಮೊದಲ ಸಲ ಬಟನ್ ಒತ್ತಿದವರ ಮಾತಿಗೂ, ಬಹುಕಾಲ ಸರಿಯಾದ ವರದಿ ಕೊಟ್ಟವರ ಮಾತಿಗೂ ಒಂದೇ ತೂಕ ಕೊಟ್ಟರೆ ವ್ಯವಸ್ಥೆ ಕೆಡುತ್ತದೆ. ವರದಿಯನ್ನು ನಂತರ ಬಂದವರು ‘ಹೌದು’ ಎಂದರೆ ಅದರ ಆಯುಸ್ಸು ಹೆಚ್ಚುತ್ತದೆ, ‘ಇಲ್ಲ’ ಎಂದರೆ ಕುಗ್ಗುತ್ತದೆ. ಯಾರೂ ಏನೂ ಹೇಳದಿದ್ದರೆ ಸ್ವಲ್ಪ ಹೊತ್ತಿಗೆ ತಾನೇ ಅಳಿಯುತ್ತದೆ. ಕಂಬಕ್ಕೆ ಕಟ್ಟಿದ ಕ್ಯಾಮೆರಾ ತಿಂಗಳುಗಟ್ಟಲೆ ಅಲ್ಲೇ ಇರುವುದರಿಂದ ಅದು ಬೇರೆ ಪಟ್ಟಿಯಲ್ಲಿ ಕೂರುತ್ತದೆ. ಜೀಪಿನಲ್ಲೋ ಮೂರುಕಾಲಿನ ಸ್ಟ್ಯಾಂಡಿನ ಮೇಲೋ ಇಟ್ಟ ಕ್ಯಾಮೆರಾದ ಆಯುಸ್ಸು ಗಂಟೆಗಳಲ್ಲಿ. ರಸ್ತೆಗೆ ಬಿದ್ದ ಟೈರಿನ ತುಂಡು ಅರ್ಧ ಗಂಟೆಯಲ್ಲಿ ಯಾರದೋ ಕೈಯಿಂದ ಪಕ್ಕಕ್ಕೆ ಹೋಗಿರಬಹುದು.

ಇಲ್ಲೊಂದು ಲೆಕ್ಕ ಮಾಡಿ ನೋಡಿ. ಗಂಟೆಗೆ 600 ವಾಹನ ಓಡಾಡುವ ರಸ್ತೆ. ನೂರರಲ್ಲಿ ಒಬ್ಬರ ಬಳಿ ಈ ಸಾಧನವಿದೆ ಎಂದುಕೊಳ್ಳೋಣ. ಗಂಟೆಗೆ ಆರು ಬಳಕೆದಾರರು, ಸರಾಸರಿ ಹತ್ತು ನಿಮಿಷಕ್ಕೊಬ್ಬರು. ಅವರಲ್ಲಿ ಅರ್ಧದಷ್ಟು ಜನ ಮಾತ್ರ ಬಟನ್ ಒತ್ತುವವರಾದರೆ ಇಪ್ಪತ್ತು ನಿಮಿಷಕ್ಕೊಂದು ವರದಿ. ಕ್ಯಾಮೆರಾ ಬಂದ ಮೊದಲ ಇಪ್ಪತ್ತು ನಿಮಿಷ ನಿಮ್ಮ ಸಾಧನ ಸುಮ್ಮನಿದ್ದರೆ ಅದು ಕೆಟ್ಟಿಲ್ಲ. ರಾತ್ರಿ ಮೂರು ಗಂಟೆಗೆ ಅದೇ ರಸ್ತೆಯಲ್ಲಿ ಗಂಟೆಗೆ 30 ವಾಹನ ಹೋದರೆ ಆ ಅಂತರ ಆರೂವರೆ ಗಂಟೆ ದಾಟುತ್ತದೆ. ದಟ್ಟ ಹೈವೇಯಲ್ಲಿ ಮೌನಕ್ಕೆ ಅರ್ಥವಿದೆ, ನಿರ್ಜನ ದಾರಿಯ ಮೌನಕ್ಕೆ ಯಾವ ಅರ್ಥವೂ ಇಲ್ಲ.

ಎಚ್ಚರಿಕೆ ಎಷ್ಟು ದೂರದಲ್ಲಿ ಬರಬೇಕು? ಗಂಟೆಗೆ 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 27.8 ಮೀಟರ್ ಸಾಗುತ್ತೀರಿ. ಅಲ್ಲಿಂದ 60ಕ್ಕೆ ಮೆತ್ತಗೆ ಇಳಿಯಲು, ಹಿಂದಿನವರಿಗೂ ತೊಂದರೆಯಾಗದಂತೆ ಪ್ರತಿ ಸೆಕೆಂಡಿಗೂ ವೇಗವನ್ನು ಸೆಕೆಂಡಿಗೆ 1.5 ಮೀಟರಿನಷ್ಟು ತಗ್ಗಿಸುತ್ತಾ ಹೋದರೆ, ಏಳೂವರೆ ಸೆಕೆಂಡು ಮತ್ತು 165 ಮೀಟರ್ ಬೇಕು. ಸದ್ದು ಕೇಳಿ ಅರ್ಥ ಮಾಡಿಕೊಳ್ಳಲು ಎರಡು ಸೆಕೆಂಡು ಸೇರಿಸಿದರೆ 220 ಮೀಟರ್. ವರದಿಯ ಜಾಗವೇ ನೂರು ಮೀಟರ್ ತಪ್ಪಿರಬಹುದು, ಅದನ್ನೂ ಕೂಡಿಸಿದರೆ 320. ಸ್ವಲ್ಪ ಹೆಚ್ಚಿಗೆ ಇಟ್ಟುಕೊಂಡು ನೋಡಿದರೆ, ಆ ವೇಗಕ್ಕೆ 400 ಮೀಟರಿಗಿಂತ ಕಡಿಮೆ ದೂರದ ಎಚ್ಚರಿಕೆ ಸಾಲದು. ಮೀಟರಿನಲ್ಲಲ್ಲದೆ ಸೆಕೆಂಡಿನಲ್ಲಿ ಎಣಿಸುವ ಸೆಟ್ಟಿಂಗ್ ನಿಮ್ಮ ಆ್ಯಪಿನಲ್ಲಿದ್ದರೆ 15 ಸೆಕೆಂಡ್ ಇಡಿ. ಊರೊಳಗೆ ತಡವಾಗಿ, ಹೈವೇಯಲ್ಲಿ ಬೇಗನೆ ತಾನಾಗಿ ಹೊಂದಿಕೊಳ್ಳುತ್ತದೆ. ಎಚ್ಚರಿಕೆ ಬಂದ ತಕ್ಷಣ ಬ್ರೇಕ್ ತುಳಿಯುವವರಿಗೆ ಹಿಂದಿನಿಂದ ಗುದ್ದಿಸಿಕೊಳ್ಳುವ ಅಪಾಯ. ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಕನ್ನಡಿ ನೋಡಿ, ಆಮೇಲೆ ಬ್ರೇಕ್.

ಸರಾಸರಿ ವೇಗ ಅಳೆಯುವ ಕ್ಯಾಮೆರಾಗಳ ಮುಂದೆ ಒಂದು ಬಿಂದುವಿನ ಎಚ್ಚರಿಕೆ ಉಪಯೋಗಕ್ಕೆ ಬಾರದು. ಅಲ್ಲಿ ಮೊದಲ ಕ್ಯಾಮೆರಾ ನಂಬರ್ ಪ್ಲೇಟ್ ಓದಿ ಸಮಯ ಬರೆದುಕೊಳ್ಳುತ್ತದೆ, ಕೊನೆಯದು ಇನ್ನೊಮ್ಮೆ ಓದುತ್ತದೆ, ದೂರವನ್ನು ಸಮಯದಿಂದ ಭಾಗಿಸುತ್ತಾರೆ. 80ರ ಮಿತಿಯ 10 ಕಿ.ಮೀ. ದಾರಿಗೆ ಏಳೂವರೆ ನಿಮಿಷವಾದರೂ ತೆಗೆದುಕೊಳ್ಳಬೇಕು. ಮೊದಲ ಅರ್ಧವನ್ನು 100ರಲ್ಲಿ ಮೂರೇ ನಿಮಿಷಕ್ಕೆ ಮುಗಿಸಿದರೆ, ಉಳಿದ 5 ಕಿ.ಮೀ.ಗೆ ನಾಲ್ಕೂವರೆ ನಿಮಿಷ ಹಿಡಿಯಬೇಕು. ಅಂದರೆ ಗಂಟೆಗೆ 67 ಕಿ.ಮೀ. ದಾಟುವಂತಿಲ್ಲ. ಒಳ್ಳೆಯ ಆ್ಯಪ್ ಆ ವಲಯದ ಉದ್ದಕ್ಕೂ ನಿಮ್ಮ ಸರಾಸರಿಯನ್ನು ತೋರಿಸುತ್ತಾ ಹೋಗುತ್ತದೆ. ಪರದೆಯಿಲ್ಲದ ಬಿಲ್ಲೆ ಅದನ್ನು ಹೇಳಲಾರದು.

ಕ್ಯಾಮೆರಾಕ್ಕಿಂತ ಅಪಾಯದ ಸೂಚನೆಗಳಿಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ. ತಿರುವಿನಾಚೆ ಕೆಟ್ಟು ನಿಂತ ಲಾರಿಯ ಸೂಚನೆ ತಪ್ಪಿದರೆ ಹೋಗುವುದು ದಂಡದ ಹಣವಲ್ಲ, ಪ್ರಾಣ. 90 ಕಿ.ಮೀ. ವೇಗದಲ್ಲಿ ಗಟ್ಟಿ ಬ್ರೇಕ್ ಹಾಕಿದರೂ, ಒಣ ರಸ್ತೆಯಲ್ಲಿ ಒಂದು ಸೆಕೆಂಡಿನ ಪ್ರತಿಕ್ರಿಯೆ ಸೇರಿ ನಿಲ್ಲಲು ಸುಮಾರು 70 ಮೀಟರ್ ಬೇಕು. ಮಂಜಿನಲ್ಲಿ ಅಷ್ಟು ದೂರ ಕಾಣುವುದೇ ಇಲ್ಲ. ಯುರೋಪಿಯನ್ ಒಕ್ಕೂಟ 2013ರ ನಿಯಮವೊಂದರಲ್ಲಿ ಚಾಲಕರಿಗೆ ಉಚಿತವಾಗಿ ತಲುಪಬೇಕಾದ ಸುರಕ್ಷತಾ ಸಂಗತಿಗಳನ್ನು ಎಂಟು ಬಗೆಯಾಗಿ ಪಟ್ಟಿ ಮಾಡಿತು: ಜಾರುವ ರಸ್ತೆ, ರಸ್ತೆ ಮೇಲೆ ಪ್ರಾಣಿ, ಜನ ಅಥವಾ ಬಿದ್ದ ವಸ್ತು, ಕಾವಲಿಲ್ಲದ ಅಪಘಾತದ ಜಾಗ, ಅಲ್ಪಾವಧಿಯ ರಸ್ತೆ ಕೆಲಸ, ಮಸುಕಾದ ನೋಟ, ಎದುರು ದಿಕ್ಕಿನಲ್ಲಿ ನುಗ್ಗುವ ವಾಹನ, ಯಾರೂ ನಿಭಾಯಿಸದ ರಸ್ತೆ ತಡೆ, ವಿಪರೀತ ಹವಾಮಾನ. ಈ ಸುದ್ದಿಗಳಿಗೆ ಮನುಷ್ಯನ ಬೆರಳೇ ಬೇಕೆಂದಿಲ್ಲ. ವೋಲ್ವೊ 2016ರಲ್ಲಿ ಸ್ವೀಡನ್, ನಾರ್ವೆಗಳಲ್ಲಿ ಶುರು ಮಾಡಿದ ವ್ಯವಸ್ಥೆಯಲ್ಲಿ ಒಂದು ಕಾರು ಹಜಾರ್ಡ್ ಲೈಟ್ ಹಾಕಿದರೆ ಹತ್ತಿರ ಬರುವ ಇನ್ನೊಂದು ಕಾರಿಗೆ ಸೂಚನೆ ಹೋಗುತ್ತದೆ. ಮುಂದಿರುವ ಹತ್ತಾರು ಫೋನುಗಳ ವೇಗ ಒಮ್ಮೆಲೇ ಇಳಿದರೆ ಅಲ್ಲಿ ಟ್ರಾಫಿಕ್ ಜಾಮಿನ ಬಾಲವಿದೆ ಎಂದು ಸರ್ವರ್ ತಾನೇ ತಿಳಿಯಬಲ್ಲದು. ಈ ಎಚ್ಚರಿಕೆಯ ವಯಸ್ಸು ಬಹಳ ಕಡಿಮೆ, ಅದಕ್ಕೇ ಅದು ಅಮೂಲ್ಯ.

ಸಾಧನ ‘ಸರಿಯಿಲ್ಲ’ ಎಂಬ ದೂರುಗಳಲ್ಲಿ ಹೆಚ್ಚಿನವು ಫೋನಿನ ಸೆಟ್ಟಿಂಗಿನಲ್ಲೇ ಮುಗಿಯುತ್ತವೆ. ಸ್ಥಳದ ಅನುಮತಿ ‘ಆ್ಯಪ್ ಬಳಸುವಾಗ ಮಾತ್ರ’ ಎಂದಿದ್ದರೆ ಪರದೆ ಆರಿದಾಗ ಎಚ್ಚರಿಕೆಯೂ ಆರಬಹುದು. ‘ಯಾವಾಗಲೂ’ ಎಂದು ಮಾಡಿ, ಜೊತೆಗೆ ‘ನಿಖರ ಸ್ಥಳ’ವನ್ನೂ ಆನ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಬ್ಯಾಟರಿ ಉಳಿಸುವ ವ್ಯವಸ್ಥೆ ಹಿನ್ನೆಲೆಯ ಆ್ಯಪನ್ನು ಕೊಂದು ಹಾಕುತ್ತದೆ. ಆ ಆ್ಯಪ್ ಒಂದಕ್ಕೆ ಬ್ಯಾಟರಿಯ ನಿರ್ಬಂಧ ತೆಗೆಯಿರಿ. ಐಫೋನಿನಲ್ಲಿ ಆ್ಯಪನ್ನು ಮೇಲಕ್ಕೆ ತಳ್ಳಿ ಮುಚ್ಚುವ ಅಭ್ಯಾಸವಿದ್ದರೆ ಬಿಡಿ. ಹಾಗೆ ಮುಚ್ಚಿದ ಆ್ಯಪನ್ನು ಬಿಲ್ಲೆ ಬ್ಲೂಟೂತ್ ಮೂಲಕ ಎಬ್ಬಿಸಲಾರದು.

ಸದ್ದಿನದು ಇನ್ನೊಂದು ಗೋಳು. ಫೋನ್ ಕಾರಿನ ಸ್ಟೀರಿಯೊಗೆ ಜೋಡಿಯಾಗಿದ್ದು ಸ್ಟೀರಿಯೊದಲ್ಲಿ ಎಫ್‌ಎಂ ಹಾಡುತ್ತಿದ್ದರೆ, ಎಚ್ಚರಿಕೆಯ ಧ್ವನಿ ಯಾರೂ ಕೇಳದ ಬ್ಲೂಟೂತ್ ದಾರಿಗೆ ಹೋಗಿ ಕಳೆದುಹೋಗುತ್ತದೆ. ಧ್ವನಿಯನ್ನು ಫೋನಿನ ಸ್ಪೀಕರಿಗೆ ತಿರುಗಿಸಿ, ಅಥವಾ ಆ್ಯಪಿನಲ್ಲಿದ್ದರೆ ‘ಫೋನ್ ಕರೆಯಂತೆ ನುಡಿಸು’ ಆಯ್ಕೆ ಹಾಕಿ. ಆಗ ಎಫ್‌ಎಂ ತಾನೇ ತಗ್ಗುತ್ತದೆ. ಮೊದಲ ಪದ ನುಂಗಿ ಹೋಗುತ್ತಿದ್ದರೆ ಕಾರಣ ಬ್ಲೂಟೂತ್ ದಾರಿ ಎಚ್ಚರಗೊಳ್ಳಲು ತೆಗೆದುಕೊಳ್ಳುವ ಒಂದು ಕ್ಷಣ. ಸ್ವಂತ ಬಝರ್ ಇರುವ ಬಿಲ್ಲೆಗೆ ಈ ಯಾವ ತಲೆನೋವೂ ಇಲ್ಲ.

ಬಿಲ್ಲೆಯನ್ನು ಅಂಟಿಸುವ ಮೊದಲು ಜಾಗವನ್ನು ಒರೆಸಿ ಒಣಗಿಸಿ, ಏರ್‌ಬ್ಯಾಗಿನ ಮುಚ್ಚಳದ ಮೇಲೆ ಮಾತ್ರ ಅಂಟಿಸಬೇಡಿ. ಚಳಿಯಲ್ಲಿ ನಾಣ್ಯದ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ. ಬೆಳಗ್ಗೆ ಜೋಡಿಯಾಗದೆ ಮಧ್ಯಾಹ್ನ ಜೋಡಿಯಾಗುವ ಬಿಲ್ಲೆಗೆ ಹೊಸ ಬ್ಯಾಟರಿ ಬೇಕು. ಬಿಸಿಲಿನ ಡ್ಯಾಶ್‌ಬೋರ್ಡಿನಲ್ಲಿ ಕಷ್ಟಪಡುವುದು ಫೋನ್. ಅದನ್ನು ಎಸಿ ಗಾಳಿ ಬರುವ ಕಡೆ ಇಡಿ. ಸ್ವಂತ ಜಿಪಿಎಸ್ ಇರುವ ಪೆಟ್ಟಿಗೆಗೆ ಶಾಖ ತಡೆಯುವ ಲೋಹದ ಲೇಪದ ಗಾಜು ಅಡ್ಡಿ. ಅಂಥ ಗಾಜಿನಲ್ಲಿ ಸಾಮಾನ್ಯವಾಗಿ ಕನ್ನಡಿಯ ಬುಡದಲ್ಲಿ ಲೇಪ ಬಿಟ್ಟ ಜಾಗವಿರುತ್ತದೆ, ಅಲ್ಲಿಡಿ. ಬಹಳ ದಿನ ಆಫ್ ಆಗಿದ್ದ ಪೆಟ್ಟಿಗೆ ಉಪಗ್ರಹದ ಕಕ್ಷೆಯ ವಿವರ ಪಡೆಯಲು ಕನಿಷ್ಠ ಅರ್ಧ ನಿಮಿಷ ತೆರೆದ ಆಕಾಶ ಬೇಡುತ್ತದೆ.

ಕಾನೂನು ನೋಡದೆ ಗಡಿ ದಾಟಬೇಡಿ. ಜರ್ಮನಿಯಲ್ಲಿ ಚಾಲನೆ ಮಾಡುವಾಗ ಕ್ಯಾಮೆರಾ ಎಚ್ಚರಿಕೆಯನ್ನು ಚಾಲಕ ಬಳಸುವಂತಿಲ್ಲ, 2020ರ ತಿದ್ದುಪಡಿ ಆ್ಯಪ್‌ಗಳನ್ನೂ ಸ್ಪಷ್ಟವಾಗಿ ಸೇರಿಸಿತು. ದಂಡ 75 ಯೂರೊ, ಜೊತೆಗೆ ಚಾಲಕನ ತಪ್ಪುಗಳ ದಾಖಲೆಯಲ್ಲಿ ಒಂದು ಪಾಯಿಂಟ್. ಸ್ವಿಟ್ಜರ್ಲೆಂಡ್ ಇನ್ನೂ ಕಠಿಣ. ಫ್ರಾನ್ಸ್ 2012ರಲ್ಲಿ ಕ್ಯಾಮೆರಾದ ನಿಖರ ಜಾಗ ಹೇಳುವುದನ್ನು ನಿಷೇಧಿಸಿದ ಮೇಲೆ ಸಾಧನಗಳು ‘ಅಪಾಯದ ವಲಯ’ ತೋರಿಸತೊಡಗಿದವು: ಊರೊಳಗೆ 300 ಮೀಟರ್, ಹೊರಗೆ 2 ಕಿ.ಮೀ., ಮೋಟಾರುದಾರಿಯಲ್ಲಿ 4 ಕಿ.ಮೀ. ಉದ್ದ. ಕ್ಯಾಮೆರಾ ಇದ್ದರೆ ಆ ಉದ್ದದಲ್ಲಿ ಎಲ್ಲಾದರೂ ಇರಬಹುದು. ಸುರಕ್ಷತೆಯ ದೃಷ್ಟಿಯಿಂದ ಇದೇ ಹೆಚ್ಚು ಸಮಂಜಸ ಎಂದು ನನಗನ್ನಿಸುತ್ತದೆ. ಚಾಲಕ ಒಂದು ಕಂಬದ ಮುಂದೆ ಮಾತ್ರವಲ್ಲ, ಇಡೀ ಹಾದಿಯಲ್ಲಿ ನಿಧಾನವಾಗುತ್ತಾನೆ. ಕ್ಯಾಮೆರಾ ಎಚ್ಚರಿಕೆ ನಿಷಿದ್ಧವಿರುವಲ್ಲಿ, ಅದೊಂದನ್ನೇ ಆಫ್ ಮಾಡಿ ಅಪಾಯದ ಸೂಚನೆಗಳನ್ನು ಉಳಿಸಿಕೊಳ್ಳುವ ಸೌಲಭ್ಯ ಇದೆಯೇ ಎಂದು ಹೊರಡುವ ಮೊದಲೇ ಸೆಟ್ಟಿಂಗಿನಲ್ಲಿ ನೋಡಿ.

ಇನ್ನು ಬಟನ್ ಒತ್ತುವ ಕ್ರಮ. ಕ್ಯಾಮೆರಾ ಕಂಡರೆ ಅದರ ಎದುರಿಗೆ ಬಂದಾಗ ಒತ್ತಿ, ದೂರದಿಂದ ಬೇಡ. ಕೆಟ್ಟು ನಿಂತ ವಾಹನವನ್ನು ಸುರಕ್ಷಿತವಾಗಿ ದಾಟಿದ ಕೂಡಲೇ ಒತ್ತಿ. ಎಚ್ಚರಿಕೆ ಬಂದ ಜಾಗದಲ್ಲಿ ಏನೂ ಕಾಣದಿದ್ದರೆ ‘ಇಲ್ಲ’ ಒತ್ತುವುದನ್ನು ಮರೆಯಬೇಡಿ. ಆದರೆ ಕತ್ತಲಲ್ಲೋ ಮಳೆಯಲ್ಲೋ ನಿಮಗೆ ಕಾಣದೆ ಹೋಗಿರಬಹುದು ಎನ್ನಿಸಿದರೆ ಯಾವುದನ್ನೂ ಒತ್ತದೆ ಮುಂದೆ ಸಾಗಿ. ನಿಮ್ಮ ಹಿಂದೆ ಬರುವ ಇನ್ನೊಬ್ಬರು ನೋಡಿ ಹೇಳುತ್ತಾರೆ.