ಮಳೆಗಾಲದ ಹೂವು, ಸೆಮಿಸ್ಟರಿನ ವರದಿ

ಆಗಸ್ಟ್ 11, 2024, ಭಾನುವಾರ

ಪಿಎಚ್‌.ಡಿ.ಗೆ ಪಶ್ಚಿಮ ಘಟ್ಟದ ಕರ್ಣಕುಂಡಲಗಳನ್ನು, ಅಂದರೆ ಇಂಪೇಷನ್ಸ್ ಕುಲದ ಸಸ್ಯಗಳನ್ನು ಆರಿಸಿಕೊಂಡವರ ವರ್ಷ ಜೂನ್‌ನಲ್ಲಿ ಶುರುವಾಗಿ ಅಕ್ಟೋಬರ್ ಹೊತ್ತಿಗೆ ಹೆಚ್ಚುಕಡಿಮೆ ಮುಗಿದುಹೋಗುತ್ತದೆ. ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಅರೆಕಾಲಿಕವಾಗಿ ಸಂಶೋಧನೆ ನಡೆಸುತ್ತಿರುವ ನನಗೆ ಆ ಐದು ತಿಂಗಳಲ್ಲಿ ಸಿಗುವುದು ಭಾನುವಾರ ಮತ್ತು ಹಬ್ಬದ ರಜೆಗಳು ಮಾತ್ರ.

ನಿನ್ನೆ ಸಂಜೆ ಚಾರ್ಮಾಡಿ ಘಾಟಿಯಿಂದ ತಂದ ಗಿಡಗಳ ಹೂಗಳನ್ನು ಇಂದು ಬೆಳಿಗ್ಗೆಯಿಂದ ಭಾಗಭಾಗವಾಗಿ ಬಿಡಿಸಿ ನೋಡುತ್ತಿದ್ದೇನೆ. ಈ ಕೆಲಸವನ್ನು ನಾಳೆಗೆ ಮುಂದೂಡುವಂತಿಲ್ಲ. ಹೂವಿನ ಕೆಳಗಿನ ಪುಷ್ಪಪತ್ರವು (ದಳಗಳ ಹೊರಸುತ್ತಿನ ಎಸಳು) ಬಾಲದಂತೆ ಚಾಚಿಕೊಂಡು ಮಕರಂದದ ನಳಿಗೆಯಾಗುತ್ತದೆ; ಪಕ್ಕದ ದಳಗಳು ಎರಡೆರಡಾಗಿ ಬೆಸೆದಿರುತ್ತವೆ. ಪ್ರಭೇದವನ್ನು ಗುರುತಿಸಲು ಬೇಕಾದುದೆಲ್ಲ ಬಹುಮಟ್ಟಿಗೆ ಇವುಗಳ ಆಕಾರ, ಅಳತೆ, ಬಣ್ಣಗಳಲ್ಲೇ ಇದೆ. ಆದರೆ ನೀರು ತುಂಬಿದ ಈ ಭಾಗಗಳನ್ನು ಗಿಡ ಒತ್ತುವ ಪ್ರೆಸ್‌ನಲ್ಲಿಟ್ಟು ಒಣಗಿಸಿದರೆ ಬಣ್ಣವಿಲ್ಲದ ಪೊರೆಗಳು ಒಂದಕ್ಕೊಂದು ಅಂಟಿಕೊಂಡು ಯಾವುದು ಯಾವುದೆಂದು ತಿಳಿಯದಂತಾಗುತ್ತವೆ. ಹಾಗಾಗಿ ತಾಜಾ ಹೂವನ್ನೇ ಸೂಜಿಯಿಂದ ಬಿಡಿಸಿ, ಅಳತೆಪಟ್ಟಿಯ ಪಕ್ಕದಲ್ಲಿಟ್ಟು ಫೋಟೋ ತೆಗೆದು, ಕೆಲವು ಹೂಗಳನ್ನು ಸ್ಪಿರಿಟ್‌ನಲ್ಲಿ ಹಾಕಿಡಬೇಕು. ಹೂವಿನ ವಯಸ್ಸನ್ನೂ ಬರೆದುಕೊಳ್ಳಬೇಕು, ಏಕೆಂದರೆ ಮೊದಲು ಪರಾಗ ಹೊತ್ತ ಕೇಸರಗಳು ಕೂಡಿಕೊಂಡು, ಪರಾಗವನ್ನು ಸ್ವೀಕರಿಸುವ ಹೆಣ್ಣುಭಾಗದ ತುದಿಯಾದ ಶಲಾಕಾಗ್ರದ ಮೇಲೆ ಟೊಪ್ಪಿಗೆಯಂತೆ ಕೂತಿರುತ್ತವೆ, ಆ ಟೊಪ್ಪಿಗೆ ಇಡಿಯಾಗಿ ಉದುರಿದ ಮೇಲಷ್ಟೇ ಹೂವು ಹೆಣ್ಣಾಗುತ್ತದೆ.

ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಸಸ್ಯವಿಜ್ಞಾನಿ ಜೋಸೆಫ್ ಹುಕರ್ ತಮ್ಮ ಕೊನೆಯ ವರ್ಷಗಳನ್ನು ಈ ಕುಲಕ್ಕೇ ಮೀಸಲಿಟ್ಟು, ದೂರದೇಶಗಳಿಂದ ಬಂದ ಒಣ ಮಾದರಿಗಳನ್ನು ನೆನೆಸಿ ಬಿಡಿಸುತ್ತಿದ್ದರು. ಘಟ್ಟದಿಂದ ಒಂದೇ ರಾತ್ರಿಯ ದೂರದಲ್ಲಿರುವ ನಾನು ಗೊಣಗುವುದು ನ್ಯಾಯವಲ್ಲ. ಸಸ್ಯವಿಜ್ಞಾನಿ ಸಲ್ಡಾನ ಅವರ ತಂಡವು ಹಾಸನ ಜಿಲ್ಲೆಯಲ್ಲಿ ಸಂಗ್ರಹಿಸಿದ ಮಾದರಿಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಸಸ್ಯಗಳ ಸಂಗ್ರಹಾಲಯದಲ್ಲಿವೆ. ಅವನ್ನು ನೋಡಲು ಹೋಗುವುದಿದ್ದರೆ ಹೂವಿಲ್ಲದ ಬೇಸಿಗೆಯೇ ಸರಿ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಗಳ ಪ್ರಕಾರ ಪಿಎಚ್‌.ಡಿ.ಗೆ ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಗರಿಷ್ಠ ಆರು ವರ್ಷ. ಪ್ರತಿ ಸೆಮಿಸ್ಟರಿನಲ್ಲೂ ಸಲಹಾ ಸಮಿತಿಯ ಮುಂದೆ ಪ್ರಗತಿಯನ್ನು ಮಂಡಿಸಬೇಕು. ನಿಯಮದಲ್ಲಿ ತಪ್ಪೇನಿಲ್ಲ, ಕೇಳುವವರಿಲ್ಲದಿದ್ದರೆ ನನ್ನಂಥವರ ಕೆಲಸ ಎಷ್ಟು ವರ್ಷ ಎಳೆದೀತೋ. ಆದರೆ ಮೂರು ವರ್ಷವೆಂದರೆ ನಮ್ಮ ವಿಷಯದಲ್ಲಿ ಮೂರೇ ಮಳೆಗಾಲ. ಅದರಲ್ಲೊಂದು ಕೋರ್ಸ್‌ವರ್ಕ್‌ನಲ್ಲೋ, ಅರಣ್ಯ ಇಲಾಖೆಯ ಅನುಮತಿ ಪತ್ರಕ್ಕೆ ಕಾಯುವುದರಲ್ಲೋ ಕಳೆದರೆ ಹೋದದ್ದು ನಾಲ್ಕಾರು ತಿಂಗಳಲ್ಲ, ಮೂರರಲ್ಲೊಂದು ಪಾಲು. ಮಳೆಗಾಲದ ಹಂಗಿಲ್ಲದೆ ಪ್ರಯೋಗಾಲಯದಲ್ಲಿ ಅಂಗಾಂಶ ಕೃಷಿ ಮಾಡುವ ಗೆಳತಿಗೂ ನನಗೂ ಒಂದೇ ನಮೂನೆಯ ಪ್ರಗತಿ ವರದಿ ಇರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಮಧ್ಯಾಹ್ನ ಬಿಡಿಸಿದ ಒಂದು ಗಿಡದ ಹೂವಿನ ನಳಿಗೆ, ಪ್ರಭೇದ ಗುರುತಿಸಲು ಬಳಸುವ ಲಕ್ಷಣಪಟ್ಟಿಯಾದ ಕೀಲಿಯಲ್ಲಿ ಹೇಳಿರುವುದಕ್ಕಿಂತ ಸ್ಪಷ್ಟವಾಗಿ ಗಿಡ್ಡ. ಹೊಸ ಪ್ರಭೇದವೆಂದು ಹಿಗ್ಗುವ ವಯಸ್ಸು ದಾಟಿದೆ. ಒಂದೇ ಬಂಡೆಯ ಮೇಲಿನ ಗಿಡಗಳಲ್ಲೂ ಇಷ್ಟು ವ್ಯತ್ಯಾಸ ಇರಬಹುದು. ಮುಂದಿನ ವಾರ ಅದೇ ಜಾಗದ ಇನ್ನಷ್ಟು ಗಿಡಗಳನ್ನು ಅಳೆಯಬೇಕು, ಸೆಪ್ಟೆಂಬರ್‌ನಲ್ಲಿ ಕಾಯಿ ಬಲಿತಾಗ ಬೀಜದ ಮೇಲ್ಮೈಯನ್ನೂ ನೋಡಬೇಕು. ಈ ಸೆಮಿಸ್ಟರಿನ ವರದಿಯ ಪ್ರಭೇದಗಳ ಪಟ್ಟಿಯಲ್ಲಿ ಅದನ್ನು ಎಣಿಸದೆ, ಹೆಸರು ನಿರ್ಧಾರವಾಗದ ಮಾದರಿ ಎಂದು ಸಂಗ್ರಹ ಸಂಖ್ಯೆಯ ಜೊತೆ ಬೇರೆಯಾಗಿ ನಮೂದಿಸುತ್ತೇನೆ. ಗೈಡ್ ಸಹ ಇದನ್ನು ಒಪ್ಪಿದ್ದಾರೆ.