ಬಾಸ್ಟನ್ ಲೈಟ್ ಮಾಡೆಲ್, ಆರನೇ ವಾರ: ಲೆನ್ಸ್ ತಿರುಗಿತು

ಬಾಸ್ಟನ್ ಲೈಟ್ ಅಂದರೆ ಬಾಸ್ಟನ್ ಬಂದರಿನ ದೀಪಸ್ತಂಭ, ಅದರ ಮಾಡೆಲ್ ಕಟ್ಟುತ್ತಿದ್ದೇನೆ. ಗೋಪುರ ಅಂತೂ ನಿಂತಿತು. ನಿಜವಾದದ್ದು 89 ಅಡಿ. 1:72 ಅಳತೆಯಲ್ಲಿ ನನ್ನದು ಸುಮಾರು 38 ಸೆಂಟಿಮೀಟರ್. ಡ್ರಾಯಿಂಗ್ ಶೀಟ್ ಸುತ್ತಿ, ಪ್ಲಾಸ್ಟರ್ ಬಳಿದು, ಬಿಳಿ ಬಣ್ಣ ಹಚ್ಚಿದ್ದೇನೆ. ಪೀಪಾಯಿಗೆ ಇರುವ ಹಾಗೆ ಮೈಸುತ್ತ ಲೋಹದ ಪಟ್ಟಿಗಳಿವೆಯಲ್ಲ, ಅವಕ್ಕೆ ಅಡುಗೆಮನೆಯ ಫಾಯಿಲ್.

ತಲೆನೋವೆಲ್ಲ ಮೇಲಿನ ದೀಪದ ಕೋಣೆಯಲ್ಲಿ. ಮೊದಲು ಸುಮ್ನೆ ಒಂದು ಮಿನುಗುವ ಎಲ್‌ಇಡಿ ಹಾಕಿದ್ದೆ. ಶನಿವಾರ ರಾತ್ರಿ ಹಲ್ ಊರಿನ ದಡದಲ್ಲಿ ಸ್ಟಾಪ್‌ವಾಚ್ ಹಿಡಿದು, ದೀಪಸ್ತಂಭ ಇರುವ ಎದುರಿನ ಲಿಟ್ಲ್ ಬ್ರೂಸ್ಟರ್ ದ್ವೀಪ ನೋಡುತ್ತಾ ನಿಂತೆ. ಹತ್ತು ಸೆಕೆಂಡಿಗೊಮ್ಮೆ ಬೆಳಕು, ಲೆಕ್ಕ ಸರಿ. ಆದರೆ ಅಲ್ಲಿ ದೀಪ ಹತ್ತಿ ಆರುವುದಿಲ್ಲ. ಅದು ಒಂದೇ ಸಮ ಉರಿಯುತ್ತದೆ, ಸುತ್ತಲಿನ ಗಾಜು ತಿರುಗುತ್ತದೆ. ಅದು 1859ರ ಫ್ರೆನೆಲ್ ಲೆನ್ಸ್ (ಬೆಳಕನ್ನು ಕೋಲಿನಂತೆ ಕೂಡಿಸಿ ದೂರಕ್ಕೆ ಕಳಿಸುವ ಗಾಜು), 12 ಮುಖ, ಒಂದೊಂದು ಮುಖ ನಮ್ಮತ್ತ ತಿರುಗಿದಾಗ ಒಂದು ಬೆಳಕು. ಅಂದರೆ ಒಂದು ಸುತ್ತಿಗೆ ಎರಡು ನಿಮಿಷ!

ಮನೆಗೆ ಬಂದು ಎಲ್‌ಇಡಿ ಕಿತ್ತೆ. ಟಿಕ್ ಟಿಕ್ ಅನ್ನದೆ ಜಾರುವ ಮುಳ್ಳಿನ ಗೋಡೆ ಗಡಿಯಾರವೊಂದನ್ನು ಬಿಚ್ಚಿದೆ. ಸೆಕೆಂಡ್ ಮುಳ್ಳು ನಿಮಿಷಕ್ಕೊಂದು ಸುತ್ತು. ಆರೇ ಮುಖ ಮಾಡಿದ್ದರೆ ನೇರವಾಗಿ ಕೂರಿಸಬಹುದಿತ್ತು, ಆಸೆಯೂ ಆಯಿತು. ಆದರೆ ಅದು ಮೋಸ ಅಲ್ವಾ? ಹಳೆ ಆಟಿಕೆಯ 12 ಮತ್ತು 24 ಹಲ್ಲಿನ ಗಿಯರ್ ಹಾಕಿ ವೇಗ ಅರ್ಧಕ್ಕಿಳಿಸಿದೆ.

ಲೆನ್ಸ್ ಈ ಅಳತೆಯಲ್ಲಿ ಇಲ್ಲಿನ ಒಂದು ಸೆಂಟ್ ನಾಣ್ಯದಷ್ಟು ಅಗಲ. ಒಂದೊಂದು ಮುಖ ಐದೇ ಮಿಲಿಮೀಟರ್. ಪಾರದರ್ಶಕ ರೆಸಿನ್ ಹನಿಗಳನ್ನು ಗಟ್ಟಿಮಾಡಿ ಅಂಟಿಸಿದೆ. ಎರಡು ಸಲ ಹಾಳಾಯಿತು, ಒಳಗೆ ಗಾಳಿಗುಳ್ಳೆ.

ನಿನ್ನೆ ಮತ್ತೆ ಎಲ್‌ಇಡಿಯನ್ನು ಲೆನ್ಸ್ ಒಳಗೆ ನೆಟ್ಟಗೆ ನಿಲ್ಲಿಸಿ, ಹಚ್ಚಿ ನೋಡಿದೆ. ಬೆಳಕೆಲ್ಲ ಚಾವಣಿಗೆ! ಅದರ ತಲೆಯ ಗುಬುಟು ಬೆಳಕನ್ನು ನೇರ ಮುಂದಕ್ಕೇ ಎಸೆಯುತ್ತದೆ. ತಲೆಯನ್ನು ಉಜ್ಜಿ ಮಂಕು ಮಾಡಿದೆ. ಬೆಳಕು ಪಕ್ಕಕ್ಕೂ ಬಂತು, ಆದರೆ ಹರಡಿಕೊಂಡಿತು. ಗೋಡೆಯ ಮೇಲೆ ಬರೀ ಮಸುಕು. ಬೆಳಕಿನ ಮೂಲ ಚುಕ್ಕೆಯಷ್ಟಿದ್ದರೆ ಮಾತ್ರ ಕೋಲು ಚೂಪಾಗುತ್ತದೆ. ಆಟಿಕೆ ರೈಲಿನವರು ಬಳಸುವ ಗೋಧಿಕಾಳಿನಷ್ಟು ಸಣ್ಣ ಬಲ್ಬ್ ತರಿಸಿದ್ದೇನೆ.

ಬರುವಷ್ಟರಲ್ಲಿ ಕಾವಲುಗಾರ್ತಿಯ ಬೊಂಬೆ ಮುಗಿಸಬೇಕು. ಬಾಸ್ಟನ್ ಲೈಟ್ 1998ರಲ್ಲೇ ಸ್ವಯಂಚಾಲಿತವಾಯಿತು, ಆದರೂ ಮನುಷ್ಯರ ಕಾವಲು ತಪ್ಪಲಿಲ್ಲ. 2003ರಿಂದ ಸ್ಯಾಲಿ ಸ್ನೋಮನ್ ಇದ್ದರು. 2023ರ ಕೊನೆಗೆ ನಿವೃತ್ತರಾದರು. ನನ್ನ ಮಾಡೆಲ್ ಅದಕ್ಕೂ ಮುಂಚಿನದು ಅಂತ ಇಟ್ಟುಕೊಂಡಿದ್ದೇನೆ. ಹಾಗಾಗಿ ತಾವು ತೊಡುತ್ತಿದ್ದಂಥ ಹಳೇಕಾಲದ ಉದ್ದ ಗೌನ್ ತೊಟ್ಟು ಬಾಗಿಲಲ್ಲಿ ಅವರು ನಿಲ್ಲುತ್ತಾರೆ, ಎರಡು ಸೆಂಟಿಮೀಟರಿಗಿಂತ ತುಸು ಜಾಸ್ತಿ ಎತ್ತರ.

ಗೋಡೆ ಗಡಿಯಾರ ಎಲ್ಲಿ ಹೋಯಿತು ಅಂತ ಹೆಂಡತಿ ಇನ್ನೂ ಕೇಳಿಲ್ಲ.