ಕ್ಯಾನ್ ಮೇಲೆ ಬಿದ್ದ ಭಾರ

"ಐ ಕ್ಯಾನ್ ವರ್ಕ್ ನೈಟ್ಸ್." ನನ್ನ ವಿದ್ಯಾರ್ಥಿನಿ ಹೇಳಿದ್ದು ಇಷ್ಟೇ. ಯಾವ ಶಿಫ್ಟ್ ಆಗುತ್ತೆ ಅಂತ ಅಮೆರಿಕದಿಂದ ಫೋನ್ ಮಾಡಿದವರು ಕೇಳಿದ್ದರು. ಈ ವಾರ ಮೇಲ್ ಬಂತು: ನಿಮಗೆ ರಾತ್ರಿ ಪಾಳಿ ಆಗುವುದಿಲ್ಲ ಅಂದಿದ್ದರಿಂದ ಬೇರೆಯವರನ್ನು ತೆಗೆದುಕೊಂಡಿದ್ದೇವೆ.

ಧಾರವಾಡದ ಸಪ್ತಾಪುರದಲ್ಲಿ ಸಂಜೆ ಇಂಗ್ಲಿಷ್ ಮಾತಾಡೋದು ಕಲಿಸುತ್ತೇನೆ. ಆಕೆ ಬಂದು ಮೊಬೈಲ್ ಮುಂದೆ ಹಿಡಿದಳು. "ಮಾಡ್ತೀನಿ ಅಂತನ ಹೇಳೇನ್ರೀ ಮೇಡಂ. ಮಾಡಂಗಿಲ್ಲ ಅಂತ ಹೆಂಗ ಕೇಳಿಸ್ತು ಅವ್ರಿಗೆ?"

"ಅವತ್ತು ಹೆಂಗ ಅಂದಿ, ಹಂಗ ಅನ್ನು."

ಅಂದಳು. ಕ್ಯಾನ್ ಮೇಲೆ ಪೂರ್ತಿ ಭಾರ ಹಾಕಿ, ಧೈರ್ಯವಾಗಿ. ಮತ್ತೆ ಅನ್ನಿಸಿದೆ. ಮತ್ತೂ ಅದೇ.

ಇಂಗ್ಲಿಷರ ಬಾಯಲ್ಲಿ ಇಂಥ ವಾಕ್ಯದ ಕ್ಯಾನ್ ಸವೆದು ಬರೀ 'ಕ್‌ನ್' ಆಗುತ್ತೆ. ಭಾರ ವರ್ಕ್ ಮೇಲೆ, ಇನ್ನೂ ಜಾಸ್ತಿ ನೈಟ್ಸ್ ಮೇಲೆ. ಆಗಲ್ಲ ಅನ್ನೋಕೆ ಬಳಸುವ can't ಆದರೆ ಗಟ್ಟಿಯಾಗಿ ಬರುತ್ತೆ. ನಮಗೆ ಶಾಲೆಯಲ್ಲಿ ಬಂದದ್ದು ಬ್ರಿಟಿಷರ ಕಾಂಟ್, ಅದರ ಸ್ವರವೇ ಬೇರೆ. ಅಮೆರಿಕದವರು ಕ್ಯಾಂಟ್ ಅನ್ನುತ್ತಾರೆ, ಕೊನೆಯ ಟ್ ಎಷ್ಟೋ ಸಲ ನುಂಗಿಬಿಡುತ್ತಾರೆ, ಹಾಗಾಗಿ ಹೌದು-ಇಲ್ಲ ಎರಡನ್ನೂ ಬೇರೆ ಮಾಡೋದು ಹೆಚ್ಚಾಗಿ ಆ ಒತ್ತೇ. ಈಕೆ ಒತ್ತಿ ಹೇಳಿದಳು, ಅವರಿಗೆ ಇಲ್ಲ ಅಂತ ಕೇಳಿಸಿತು.

ಇನ್ನೊಮ್ಮೆ ಕೇಳಬಹುದಿತ್ತಲ್ವಾ ಆ ಮನುಷ್ಯ? ಒಬ್ಬರ ಕೆಲಸದ ಪ್ರಶ್ನೆ ಅದು. ಅವಳ ಕಾಕಾ ಬೇರೆ, "ಹಳ್ಳಿ ಇಂಗ್ಲಿಷ್, ಯಾರು ತಗೋತಾರ" ಅಂದರಂತೆ. ನನಗೆ ಕೇಳಿ ತುಂಬಾ ಸಿಟ್ಟು ಬಂತು. ಈ ಹುಡುಗಿಯ ವ್ಯಾಕರಣದಲ್ಲಿ ಒಂದು ತಪ್ಪು ತೋರಿಸಲಿ ಅವರು. ಬರೆಯುವ ಪರೀಕ್ಷೆಗೇ ಓದಿ ಬಂದ ಮಕ್ಕಳು ಇವರು. ಪದದೊಳಗಿನ ಒತ್ತನ್ನು ನಿಘಂಟು ಸಣ್ಣ ಗೆರೆ ಹಾಕಿ ತೋರಿಸುತ್ತೆ. ವಾಕ್ಯದ ಒತ್ತು ಹೇಳುವವನ ಮನಸ್ಸಿಗೆ ತಕ್ಕಂತೆ ಬದಲಾಗುತ್ತೆ, ಅದನ್ನು ಇವರಿಗೆ ಯಾವ ಪುಸ್ತಕ ಕಲಿಸಬೇಕಿತ್ತು?

ಹಾಗಂತ ಒತ್ತು ಇವರಿಗೆ ಹೊಸದೇನಲ್ಲ. ಅವತ್ತು ಪಾಠ ಬಿಟ್ಟು ಇದನ್ನೇ ಹಿಡಿದೆ. "ನಾನ ಮಾಡ್ತೀನಿ" ಅಂದರೆ ಬೇರೆ ಯಾರೂ ಅಲ್ಲ. "ರಾತ್ರಿನ ಮಾಡ್ತೀನಿ" ಅಂದರೆ ಹಗಲು ಬೇಡ. ನಮ್ಮ ಕಡೆ ಪದದ ಕೊನೆಗೆ ಒಂದು ಅಕಾರ ಸೇರಿಸಿದರೆ ಆಯಿತು. ಅದೇ ಕೆಲಸಕ್ಕೆ ಇಂಗ್ಲಿಷಿನಲ್ಲಿ ದನಿ ಏರಿಸಬೇಕು, ಆ ಪದವನ್ನು ತುಸು ಎಳೆಯಬೇಕು, ಉಳಿದದ್ದನ್ನು ಬೇಗ ದಾಟಬೇಕು. ಬೆಂಚು ಬಡಿದು ಹೇಳಿಸಿದೆ: ಐ ಮೇಲೆ ಒಮ್ಮೆ, ನೈಟ್ಸ್ ಮೇಲೆ ಒಮ್ಮೆ. ಕ್ಯಾನ್ ಮೇಲೆ ಯಾವಾಗ ಅಂತ ಒಬ್ಬ ಕೇಳಿದ. ನಿನ್ನ ಕೈಲಿ ಆಗಲ್ಲ ಅಂತ ಯಾರಾದರೂ ಅಂದಾಗ ಅಂದೆ. ಈಕೆ ತಟ್ಟನೆ, "ಹಂಗಾದ್ರ ಕಾಕಾಗ ಹಂಗ ಹೇಳ್ತೀನ್ರೀ" ಅಂದಳು.

ಮಾತಾಡೋ ಇಂಗ್ಲಿಷ್ ಕಲಿಸುವವರು ದಯವಿಟ್ಟು ಇದೊಂದನ್ನು ಮಾಡಿಸಿ. ಆ ಒತ್ತು ನಾಲಿಗೆಗೆ ಕೂರೋವರೆಗೂ, ಫೋನಿನಲ್ಲಿ ಇಂಥ ಪ್ರಶ್ನೆ ಬಂದರೆ ಮೊದಲು ಯೆಸ್ ಅನ್ನಲಿ, ಆಮೇಲೆ ಉಳಿದದ್ದು. ಯೆಸ್ ಅಂದರೆ ಯಾರಿಗೂ ನೋ ಅಂತ ಕೇಳಿಸಲ್ಲ.